ಕಾಮಣಿಯ ಪಥ್ಯ

ವಾಜಿದಾಳ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವಳು ಅತ್ತೆ ಸರ್ವರಬಿ. ಆಕೆ ಕಂಡಮೇಲೆ ನಿಪ್ಪಾಣಿಯ ಆ ಗಲ್ಲಿಗೆಲ್ಲ ಕಂಡಂತೆಯೇ. "ಕಾಮಣಿ ಆಗೇತಿ, ಸದಲಗಾಕ ಕರ್ಕೊಂಡು ಹೋಗ್ರಿ, ತಾತ್ಯಾಸಾಹೇಬ ಬೇರು ಕೊಡ್ತಾನ" ಎಂದು ಬಾಗಿಲಿಗೊಬ್ಬರು ಹೇಳಿದರು.

ಕಾಮಣಿ ಯಾಕಾಯಿತೆಂದು ವಾಜಿದಾಳಿಗೆ ಗೊತ್ತಿತ್ತು. ಮದುವೆಯಾದ ವರ್ಷವೇ ಗಂಡ ಶಾಹನವಾಜನಿಂದ ಅವಳಿಗೆ ಎಚ್ಐವಿ ಬಂದಿತ್ತು, ಅದರ ಬೆನ್ನಿಗೇ ಲಿವರಿಗೆ ಹತ್ತುವ ಹೆಪಟೈಟಿಸ್ ಬಿ. "ಎರಡನ್ನೂ ಹಿಡಿದಿಡೋದು ಇದೊಂದ ಗುಳಿಗಿ. ಬಿಟ್ರ ಲಿವರ್ ಹೋಗ್ತೇತಿ" ಎಂದು ಡಾಕ್ಟರು ಒತ್ತಿ ಹೇಳಿದ್ದರು. ಆದರೆ ನಾದಿನಿಯ ಬಾಣಂತನಕ್ಕೆ ಮನೆ ತುಂಬ ಜನ ಬಂದಾಗ, ಯಾರಾದರೂ ನೋಡಿಯಾರೆಂದು ಶಾಹನವಾಜ ಇಬ್ಬರ ಡಬ್ಬಿಗಳನ್ನೂ ಸ್ಕೂಟರಿನ ಡಿಕ್ಕಿಗೆ ಹಾಕಿ ಕೀಲಿ ಕಿಸೆಯಲ್ಲಿಟ್ಟುಕೊಂಡ. ಅವನು ಹೊರಗೆ ಹೋದಲ್ಲೇ ನುಂಗುತ್ತಿದ್ದ. ಮನೆಯೊಳಗಿನ ಹೆಂಗಸಿಗೆ ಎಲ್ಲಿಯ ಡಿಕ್ಕಿ? ಬಾಣಂತನ ಮುಗಿಯುವಷ್ಟರಲ್ಲಿ ಕಣ್ಣು ಹಳದಿ.

ಸದಲಗಾದ ಹೊಲದ ಮನೆಯಲ್ಲಿ ತಾತ್ಯಾಸಾಹೇಬ ವಾಜಿದಾಳ ನಾಡಿ ಹಿಡಿದು ಕೇಳಿದ: "ಬ್ಯಾರೆ ಗುಳಿಗಿ ಏನರ ತಗೋತೀಯೇನ ತಂಗಿ? ಇದರ ಜೋಡಿ ನಡಿಯೂದಿಲ್ಲ."

ವಾಜಿದಾ ಬಾಯಿ ತೆರೆಯುವ ಮೊದಲೇ ಶಾಹನವಾಜ, "ಏನೂ ಇಲ್ರಿ" ಎಂದ. ಎಂಥ ಚುರುಕು ನಾಲಗೆ!

ಅಂದಿನಿಂದ ಉಪ್ಪಿಲ್ಲದ ಗಂಜಿ, ಅತ್ತೆಯ ಕಾವಲು. ಅಡುಗೆಮನೆಯಲ್ಲಿ ಗಂಡನನ್ನು ತಡೆದು ವಾಜಿದಾ ಕೀಲಿ ಬೇಡಿದಳು.

"ಪಥ್ಯ ಮುಗೀಲಿ. ಅಮ್ಮಾಗ ಗೊತ್ತಾದ್ರ ನಾ ಮಾರಿ ಹೆಂಗ ತೋರಸ್ಲಿ?" ಎಂದ. ಅವನ ಮಾರಿ ಉಳಿದರೆ ಸಾಕು, ಇವಳ ಜೀವ ಹೋದರೂ ನಡೆಯುತ್ತಿತ್ತು.

ಎರಡನೆಯ ಸಲ ಅತ್ತೆಯೂ ಸೇರಿ ಮೂವರೂ ಸ್ಕೂಟರಿನಲ್ಲಿ ಬೇರಿಗೆ ಹೋದಾಗ ಅವಳ ಹೊಟ್ಟೆ ಉಬ್ಬಿತ್ತು, ನಿಲ್ಲಲು ಗೋಡೆ ಬೇಕಿತ್ತು. ತಾತ್ಯಾಸಾಹೇಬ ನೋಡಿ ಹೆದರಿದ. ಬೇರೆ ಗುಳಿಗೆಯ ಮಾತನ್ನೇ ಮತ್ತೆ ಕೇಳಿದ. ಈ ಸಲ ವಾಜಿದಾ ಗಂಡನ ಕೈಯ ಕೀಲಿ ಕಸಿದು, ಡಿಕ್ಕಿ ತೆರೆದು, ಎರಡೂ ಡಬ್ಬಿಗಳನ್ನು ಅತ್ತೆಯ ಮುಂದಿಟ್ಟಳು.

"ನಂದೂ ಐತಿ, ಅವರದೂ ಐತಿ. ಎಚ್ಐವಿದು. ಅವರಿಂದನ ನನಗ ಬಂತು. ಗುಳಿಗಿ ಬಿಟ್ಟಿದ್ದಕ್ಕ ಹಿಂಗಾಗೇತ್ರಿ ಅಮ್ಮಾ."

ತಾತ್ಯಾಸಾಹೇಬ ಬೇರಿನ ಪೊಟ್ಟಣ ಕೆಳಗಿಟ್ಟ. "ಇದು ನನ್ನ ಕೈಲೆ ಆಗೂದಲ್ಲ. ಈಗಿಂದೀಗ ದವಾಖಾನಿಗೆ ಒಯ್ರಿ."

ಸರ್ವರಬಿ ಡಬ್ಬಿಗಳನ್ನು ನೋಡಿದಳು, ಮಗನನ್ನು ನೋಡಿದಳು. ಅಳುತ್ತಲೇ ಒಂದರ ಮುಚ್ಚಳ ತೆಗೆದು ಗುಳಿಗೆಯನ್ನು ಮಗನ ಬಾಯಿಗೆ ಹಿಡಿದಳು, ತಂಬಿಗೆಯಿಂದ ನೀರು ಕುಡಿಸಿದಳು.

"ತಗೋ ಬೇಟಾ, ಒಂದಿನಾನೂ ತಪ್ಪಿಸಬ್ಯಾಡ." ಎರಡೂ ಡಬ್ಬಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು. "ಎರಡೂ ನಿನಗ ಆಗ್ತಾವ."

ವಾಜಿದಾ ಕೈ ಚಾಚಿದಳು. ಸರ್ವರಬಿ ನೆಲದ ಮೇಲಿನ ಬೇರಿನ ಪೊಟ್ಟಣ ಎತ್ತಿ ಆ ಕೈಯಲ್ಲಿಟ್ಟಳು.