ಮಗ್ಗದ ಕೋಣೆಯ ಎಸಿ

ನನ್ನಕ್ಕ ಓಬಳಮ್ಮ ಸೆಖೆಗೆ ಸತ್ತಳು. ಮೇ ತಿಂಗಳ ಒಂದು ಮಧ್ಯಾಹ್ನ, ಮೊಳಕಾಲ್ಮೂರಿನ ಅವಳ ಮನೆಯಲ್ಲಿ, ನಾನೇ ಎಸಿ ಕೂರಿಸಿಕೊಟ್ಟ ಕೋಣೆಯಲ್ಲಿ. ಚಳ್ಳಕೆರೆಯಲ್ಲಿ ಹದಿನೆಂಟು ವರ್ಷದಿಂದ ಕೂಲರು, ಎಸಿ ರಿಪೇರಿ ಮಾಡಿಕೊಂಡು ಬಂದವನು ನಾನು. ಊರವರ ಮನೆಯನ್ನೆಲ್ಲ ತಣ್ಣಗೆ ಮಾಡಿದವನ ಅಕ್ಕ ಅವಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

ಹೋದ ವರ್ಷದ ಬೇಸಿಗೆಯಲ್ಲಿ ಅವಳು ನೇಯುತ್ತಾ ನೇಯುತ್ತಾ ತಲೆ ತಿರುಗಿ ಬಿದ್ದಿದ್ದಳು. ಬಿಪಿ ಇದೆ, ಬಿಸಿಲುಕಾಲದಲ್ಲಿ ತಂಪಾದ ಜಾಗದಲ್ಲಿ ಇರಿಸಿ ಅಂದಿದ್ದರು ಡಾಕ್ಟರು. ಅವಳದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು, ಎತ್ತಿ ಬೇರೆ ಕೋಣೆಯಲ್ಲಿಡಲು ಬರುವುದಿಲ್ಲ. ಆ ಕೋಣೆಯ ಕಿಟಕಿಯಲ್ಲಿ ಒಂದು ಹಳೇ ಕೂಲರ್ ಇತ್ತು. ತುಕ್ಕು ಹಿಡಿದು, ಹುಲ್ಲಿನ ಪ್ಯಾಡು ಕಪ್ಪಾಗಿ, ಎಳೆಗಳಿಗೆ ಗಾಳಿ ನೇರ ಬಡಿಯದಂತೆ ಗೋಡೆಗೆ ಮುಖ ಮಾಡಿಕೊಂಡು ಗೊರಗೊರ ಅನ್ನುತ್ತಿತ್ತು. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಮೆಕ್ಯಾನಿಕ್ಕನ ಅಕ್ಕನ ಮನೆಯಲ್ಲಿ ಇಂಥ ಡಬ್ಬ ಇರಬೇಕೇ?

ಶಿವರಾತ್ರಿ ಕಳೆದ ವಾರ ಹೊಸ ಎಸಿ ಹೊತ್ತುಕೊಂಡು ಹೋದೆ. ಕೂಲರ್ ಕಿತ್ತು ಗುಜರಿಗೆ ಹಾಕಿದೆ. ತಂಪು ಸೋರಬಾರದೆಂದು ಕಿಟಕಿಗೆ ಇಟ್ಟಿಗೆ ಇಡಿಸಿ ಗಾರೆ ಮಾಡಿಸಿದೆ. ಮೇಲಿನ ಗವಾಕ್ಷಿಗೆ ಥರ್ಮಕೋಲ್ ತುರುಕಿದೆ. ಬಾವ ಸೂರಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು ಒಂದೇ ಮಾತು ಕೇಳಿದರು.

"ಎಸಿ ಗಾಳಿ ಒಣ ಅಂತಾರಲ್ಲ ಶಿವರಾಮ. ಹಾಸು ಒಣಗಿದ್ರೆ ಎಳೆ ನಿಲ್ತಾವಾ?"

ಹಾಸು ಅಂದರೆ ಮಗ್ಗದ ಉದ್ದಕ್ಕೂ ಬಿಗಿದು ಕಟ್ಟಿದ ರೇಷ್ಮೆ ಎಳೆಗಳು. ಗಾಳಿಯಲ್ಲಿ ಒಂದಿಷ್ಟು ತೇವ ಇಲ್ಲದಿದ್ದರೆ ಅವು ಪಟಪಟ ಹರಿಯುತ್ತವೆ. ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಇದು ಗೊತ್ತಿಲ್ಲದ್ದಲ್ಲ. ನಮ್ಮವ್ವ ಬೇಸಿಗೆ ಬಂತೆಂದರೆ ಮಗ್ಗದ ಸುತ್ತ ನೀರು ಚಿಮುಕಿಸಿ, ಗೋಡೆಗೆ ಒದ್ದೆ ಗೋಣಿ ತೂಗುಹಾಕಿ ನೇಯುತ್ತಿದ್ದಳು. ನಾನು ಗುಜರಿಗೆ ಹಾಕಿದ ಕೂಲರಿನ ಒದ್ದೆ ಗಾಳಿ ಮಾಡುತ್ತಿದ್ದುದೂ ಅದೇ ಕೆಲಸ. ಆದರೆ ಆವತ್ತು ನನ್ನ ತಲೆಯಲ್ಲಿ ಎಸಿ ಬಿಟ್ಟು ಬೇರೇನೂ ಇರಲಿಲ್ಲ. ಬೆಂಗಳೂರಿನ ರೇಷ್ಮೆ ಸೀರೆ ಅಂಗಡಿಗಳೆಲ್ಲ ಎಸಿಯೇ, ಅಲ್ಲಿ ಯಾವ ಸೀರೆ ಹಾಳಾಗಿದೆ ತೋರಿಸಿ ಅಂತ ಬಾವನ ಮೇಲೆ ಹರಿಹಾಯ್ದೆ. ನೇಯ್ದು ಮುಗಿದ ಸೀರೆ ಬೇರೆ, ಬಿಗಿದು ನಿಂತ ಎಳೆ ಬೇರೆ ಅಂತ ಅವರು ಹೇಳಬಹುದಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಗೊತ್ತಿದ್ದವರು, ಸುಮ್ಮನಾದರು. ಅಕ್ಕ ಮಾತ್ರ ಓಣಿಯ ಹೆಂಗಸರನ್ನೆಲ್ಲ ಕರೆದು, ನನ್ನ ತಮ್ಮ ಹಾಕಿಸಿಕೊಟ್ಟದ್ದು ಅಂತ ತೋರಿಸಿದಳು.

ಆಮೇಲೆ ದಿನಾ ಮಧ್ಯಾಹ್ನ ಅಂಗಡಿಯಿಂದ ಫೋನ್ ಮಾಡುತ್ತಿದ್ದೆ. ಎಸಿ ಹಾಕಿಕೊಂಡಿದ್ದೀಯಾ ಅಂತ ಕೇಳಿದರೆ ಅವಳದು ಒಂದೇ ಉತ್ತರ. "ಹಾಕ್ಕಂಡಿದೀನಿ ತಮ್ಮುಡು, ಚಳಿ ಆಗ್ತೈತೆ." ನಮ್ಮ ಮನೆಮಾತು ತೆಲುಗು, ನನ್ನನ್ನು ಅವಳು ಕರೆಯುತ್ತಿದ್ದುದೇ ತಮ್ಮುಡು ಅಂತ. ಬರುವ ಮುಂಚೆ ಫೋನ್ ಮಾಡಿ ಬಾ, ಅಡುಗೆ ಮಾಡಿರುತ್ತೇನೆ ಅನ್ನುವಳು. ಎರಡು ಸಲ ಹಾಗೇ ಹೇಳಿ ಹೋದೆ. ಎರಡು ಸಲವೂ ಕೋಣೆ ತಣ್ಣಗಿತ್ತು, ಅಕ್ಕ ಸೆರಗು ಹೊದ್ದು ಕೂತಿದ್ದಳು. ಊಟ ಮಾಡಿ ಬೀಗುತ್ತಾ ವಾಪಸ್ಸು ಬಂದೆ.

ಮೇ ತಿಂಗಳ ಆ ಮಧ್ಯಾಹ್ನ ಅಕ್ಕನನ್ನು ಊಟಕ್ಕೆ ಕರೆಯಲು ಹೋದ ಅವಳ ಮಗಳು ಮೌನಿಕಾಗೆ ಅವಳು ಮಗ್ಗದ ಮೇಲೆ ತಲೆಯಿಟ್ಟು ಬಿದ್ದಿದ್ದು ಕಂಡಿತಂತೆ. ಮೈ ಕೆಂಡದ ಹಾಗೆ ಸುಡುತ್ತಿತ್ತಂತೆ. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಸೆಖೆ ಬಡಿದು ಹೋಗಿದ್ದಾರೆ ಅಂದರು ಡಾಕ್ಟರು. ಎಸಿ ಕೋಣೆಯಲ್ಲಿ ಸೆಖೆ ಬಡಿಯುವುದು ಹೇಗೆ? ಗ್ಯಾಸ್ ಸೋರಿರಬೇಕು, ಇಲ್ಲವೇ ವೋಲ್ಟೇಜ್ ಬಿದ್ದು ಮಿಷನ್ ನಿಂತಿರಬೇಕು ಅಂದುಕೊಂಡೆ. ಕಂಪನಿಯವರನ್ನು ಬಿಡಬಾರದು ಅಂತ ಹಲ್ಲು ಕಡಿದೆ. ಬೈಯಲು ಯಾರಾದರೂ ಒಬ್ಬರು ಬೇಕಾಗಿತ್ತು ನನಗೆ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೇ ಬೆಳಿಗ್ಗೆ ಸಾಮಾನಿನ ಚೀಲ ತೆಗೆದುಕೊಂಡು ಮನೆಯ ಹಿಂದೆ ಹೋದೆ. ಹೊರಗಿನ ಮಿಷನ್ ನೋಡಿದೆ. ಗ್ಯಾಸ್ ಸರಿಯಾಗಿತ್ತು, ವೈರು ಸರಿಯಾಗಿತ್ತು. ಬಗ್ಗಿದಾಗ ನೀರು ಬಸಿಯುವ ಪೈಪು ಕಣ್ಣಿಗೆ ಬಿತ್ತು. ಎಸಿ ಓಡಿದರೆ ಅದರಿಂದ ಹನಿ ಬೀಳುತ್ತಲೇ ಇರಬೇಕು. ಅದರ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿಕೊಂಡಿತ್ತು. ಗೂಡು ಒಣಗಿ ಕಲ್ಲಾಗಿತ್ತು.

ಒಳಗೆ ಬಂದು ಎಸಿಯ ಫಿಲ್ಟರ್ ತೆಗೆದೆ. ನಮ್ಮ ಕಡೆಯ ದೂಳಿಗೆ ಹದಿನೈದು ದಿನಕ್ಕೇ ಫಿಲ್ಟರ್ ಕಂಬಳಿಯಾಗುತ್ತದೆ. ಇದು ನಾನು ಡಬ್ಬಿಯಿಂದ ತೆಗೆದ ದಿನ ಹೇಗಿತ್ತೋ ಹಾಗೇ ಬೆಳ್ಳಗಿತ್ತು. ಅದನ್ನು ಹಿಡಿದುಕೊಂಡು ಮೌನಿಕಾ ಮುಖ ನೋಡಿದೆ. ಅವಳಿಗೆ ನನ್ನ ಕಡೆ ನೋಡಲಾಗಲಿಲ್ಲ.

"ಅವ್ವ ಹಾಕ್ತಿರ್ಲಿಲ್ಲ ಮಾವ," ಅಂದಳು. "ಹಾಕಿದ್ರೆ ಗಳಿಗೆಗೊಂದು ಎಳೆ ಹೋಗ್ತಿತ್ತು. ನೀನು ಬರ್ತೀನಿ ಅಂತ ಫೋನ್ ಮಾಡ್ದಾಗ ಹಾಕೋದು. ಕಿಟಕಿನಾದ್ರೂ ಒಡಸಾನ ಅಂದ್ವಿ. ಬ್ಯಾಡ, ತಮ್ಮುಡು ಬಂದಾಗ ಕಾಣ್ತೈತೆ, ನೊಂದ್ಕಂತಾನೆ ಅಂದ್ಲು."

ನಾನು ನಂಬಲಿಲ್ಲ. ನಂಬಿದರೆ ನನ್ನ ಗತಿ ಏನು? ಎಲ್ಲಿ ಹರಿಯುತ್ತೆ ನೋಡೇಬಿಡ್ತೀನಿ ಅಂತ ರೇಗಿ, ಫಿಲ್ಟರ್ ಸಿಕ್ಕಿಸಿ ಎಸಿ ಹಾಕಿದೆ. ಅಕ್ಕ ಅರ್ಧ ನೇಯ್ದ ಸೀರೆ ಇನ್ನೂ ಮಗ್ಗದ ಮೇಲಿತ್ತು. ಮೌನಿಕಾ ಗುಂಡಿಯಲ್ಲಿ ಕೂತು ಲಾಳಿ ಹೊಡೆಯತೊಡಗಿದಳು. ಬಾವ ಗೋಡೆಗೆ ಒರಗಿ ಕೂತರು. ಕೋಣೆ ಚೆನ್ನಾಗಿ ತಣ್ಣಗಾಯಿತು. ನನ್ನ ಕೆಲಸದಲ್ಲಿ ಒಂದು ಕೊರತೆಯೂ ಇರಲಿಲ್ಲ. ಅರ್ಧ ಗಂಟೆಯಾಗುವಷ್ಟರಲ್ಲಿ ಮೊದಲನೇ ಎಳೆ ಹರಿಯಿತು. ಅದನ್ನು ಕಟ್ಟುತ್ತಿರುವಾಗಲೇ ಪಕ್ಕದ್ದು ಹೋಯಿತು. ಆಮೇಲೆ ಮತ್ತೆರಡು. ಮೌನಿಕಾ ಎದ್ದು ಎಸಿ ಆರಿಸಿದಳು.

ಕಿಟಕಿಯಿಲ್ಲದ ಕೋಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಗಾಳಿ ಬರಲು ನಾನು ಒಂದು ಸಂದಿಯನ್ನೂ ಬಿಟ್ಟಿರಲಿಲ್ಲ. ಎರಡೂವರೆ ತಿಂಗಳು ಅಕ್ಕ ಇಲ್ಲಿ ಕೂತಿದ್ದಳು. ಚಳಿ ಆಗ್ತೈತೆ ಅಂತ ಫೋನಿನಲ್ಲಿ ಹೇಳಿದ್ದು ಇಲ್ಲಿಂದಲೇ.

ಹರಿದ ಎಳೆ ನಾನೇ ಕಟ್ಟುತ್ತೇನೆ ಅಂತ ಬಗ್ಗಿದೆ. ತಾಮ್ರದ ಪೈಪು ಹಿಡಿದು ಹಿಡಿದು ಒರಟಾದ ಬೆರಳಿಗೆ ರೇಷ್ಮೆ ಸಿಕ್ಕಿಕೊಂಡಿತು. ಬಿಡಿಸಲು ಹೋಗಿ ಇನ್ನೊಂದನ್ನು ಕಿತ್ತೆ. ಬಾವ ಎದ್ದು ಬಂದು, ನನ್ನ ಬೆರಳಿನಿಂದ ಎಳೆಯನ್ನು ಮೆಲ್ಲಗೆ ಬಿಡಿಸಿಕೊಂಡರು.

"ಬಾವ, ಅಕ್ಕನ್ನ ನಾನೇ ಕೊಂದೆ," ಅಂದೆ.

ಅಲ್ಲ ಅನ್ನಲಿ ಅಂತಲೇ ಹೇಳಿದ್ದು. ಬಾವ ಎರಡು ತುದಿ ಕೂಡಿಸಿ, ಹೊಸೆದು, ಬಿಗಿ ನೋಡಿದರು. ಆಮೇಲೆ ತಲೆಯೆತ್ತದೆ ಅಂದರು.

"ನಿನ್ ಸಿಟ್ಟಿಗೆ ಹೆದರಿ ನಾನು ಸುಮ್ಕಿದ್ದೆ. ಅವಳು ಹೆದರಿ ಅಲ್ಲ ಶಿವರಾಮ. ನೀನು ಎಸಿ ಹಾಕ್ಸಿದ ದಿನ ನಗ್ತಿದ್ದೆ ನೋಡು, ಅದನ್ನ ಕೆಡಸಬಾರ್ದು ಅಂತ."

ನಾನು ಅಲ್ಲೇ ನೆಲದ ಮೇಲೆ ಕುಸಿದು ಅತ್ತೆ. ಬಾವ ನನ್ನನ್ನು ಎಬ್ಬಿಸಲಿಲ್ಲ, ಬೈಯಲೂ ಇಲ್ಲ. ಉಳಿದ ಎಳೆಗಳನ್ನು ಒಂದೊಂದಾಗಿ ಕಟ್ಟತೊಡಗಿದರು.