ಜೋಪಾನಪ್ಪನ ಮೊದಲ ತುತ್ತು

ನನ್ನ ಗಂಡನಿಗೆ ಓಣಿಯವರು ಇಟ್ಟ ಹೆಸರು ಜೋಪಾನಪ್ಪ. ಇಟ್ಟವರ ಬಾಯಿಗೆ ಸಕ್ಕರೆ ಬೀಳಲಿ. ಮೆಟ್ಟಿಲಿಳಿಯುವ ಮಕ್ಕಳಿಗೆ ಜೋಪಾನ, ಹಾಲಿನವನ ಸೈಕಲ್ಲಿಗೆ ಜೋಪಾನ, ಕಾಂಪೌಂಡಿನ ಮೇಲೆ ನಡೆಯುವ ಬೆಕ್ಕಿಗೂ ಜೋಪಾನ. ಬೆಕ್ಕು ತಿರುಗಿಯೂ ನೋಡುವುದಿಲ್ಲ. ನಾನೂ ಅಷ್ಟೇ.

ಮೊದಲು ಹೀಗಿರಲಿಲ್ಲ ಈ ಮಹಾರಾಯರು. ದೊಡ್ಡ ಸಸ್ಯತೋಟವೊಂದರಲ್ಲಿ ಮಾಲಿ. ಗುಲಾಬಿ ಪಾತಿ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಶಿಳ್ಳೆ ಹಾಕುತ್ತಾ ಮನೆಗೆ ಬರುತ್ತಿದ್ದರು. ಆಮೇಲೆ ತೋಟದವರಿಗೆ ಅದೇನು ಹೊಳೆಯಿತೋ, ಒಂದು ಮೂಲೆಗೆ ಕಬ್ಬಿಣದ ಬೇಲಿ ಹಾಕಿ, ಒಳಗೆ ಬರೀ ವಿಷದ ಗಿಡಗಳನ್ನೇ ನೆಟ್ಟು, ಗೇಟಿನ ಬೀಗದ ಕೈ ಇವರಿಗೆ ಕೊಟ್ಟರು. ಕತ್ತರಿ ಹಿಡಿದು ಗಿಡ ಸವರುವುದೂ ಇವರೇ, ನೋಡಲು ಬಂದವರಿಗೆ ವಿವರಿಸುವುದೂ ಇವರೇ. ಅವತ್ತಿಗೆ ನಮ್ಮ ಮನೆಯ ಶಿಳ್ಳೆ ನಿಂತುಹೋಯಿತು.

ಅದರ ಬದಲು ಭಾಷಣ ಶುರುವಾಯಿತು. ಬೆಳಿಗ್ಗೆ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತು ಅಭ್ಯಾಸ.

"ಇದು ಕಣಗಿಲೆ. ನೋಡಕ್ಕೆ ಚಂದ. ಎಲೆ ಹೊಟ್ಟೆಗೆ ಹೋದ್ರೆ ಮೊದ್ಲು ವಾಂತಿ, ಆಮೇಲೆ ಹೃದಯ ತಾಳ ತಪ್ಪುತ್ತೆ. ಇದು ಗುಲಗಂಜಿ. ಅಗಿದು ನುಂಗಿದ್ರೆ ಮೈಯೊಳಗಿನ ಒಂದೊಂದೇ ಜೀವಕೋಶ ಕೆಲಸ ನಿಲ್ಸುತ್ತೆ. ಮೊದಮೊದಲು ಏನೂ ಅನ್ಸಲ್ಲ, ಅದೇ ಇದರ ಕಿತಾಪತಿ. ಇದು ಕಹಳೆ ಹೂ, ನಮ್ಮ ಉಮ್ಮತ್ತಿ ಗಿಡದ ದಾಯಾದಿ. ಬಾಯಿ ಒಣಗುತ್ತೆ, ಕಣ್ಣಿನ ಪಾಪೆ ಅರಳುತ್ತೆ, ಎದೆ ದಡದಡ ಓಡುತ್ತೆ, ಕೊನೆಗೆ ಹೆಂಡ್ತಿ ಯಾರು ಅನ್ನೋದೂ ಮರೆತು ಹೋಗುತ್ತೆ."

ಕೊನೆಯ ಮಾತಿಗೆ, ತೋಟ ನೋಡಲು ಬಂದ ಗಂಡಸರೆಲ್ಲ ನಗುತ್ತಾರಂತೆ. ನನಗೇನೂ ನಗು ಬರಲಿಲ್ಲ, ಬಿಡಿ.

ಭಾಷಣವನ್ನಾದರೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಅವರ ಮೂಗು. ಒಲೆಯಿಂದ ಪಾತ್ರೆ ಇಳಿಸಿ ಮೇಜಿನ ಮೇಲಿಟ್ಟರೆ ಸಾಕು, ಆ ಮೂಗು ಅಲ್ಲಿ ಹಾಜರು. ಒಮ್ಮೆ ಮೂಸುವುದು. ನನ್ನ ತಟ್ಟೆಯನ್ನೇ ಎಳೆದುಕೊಂಡು ಅದರಿಂದ ಒಂದು ತುತ್ತು ಎತ್ತಿ ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದು ನುಂಗುವುದು. ಆಮೇಲೆ ತಟ್ಟೆಯನ್ನು ನನ್ನ ಕಡೆ ತಳ್ಳಿ, "ಹ್ಞೂಂ, ತಿನ್ನು" ಅನ್ನುವುದು. ಚೆನ್ನಾಗಿದೆ ಅಂತಿಲ್ಲ, ಉಪ್ಪು ಕಮ್ಮಿ ಅಂತಿಲ್ಲ. ಯಾವುದೋ ಇಲಾಖೆಯಿಂದ ತಪಾಸಣೆಗೆ ಬಂದವರ ಹಾಗೆ! ನನ್ನ ಕೈಯಡುಗೆ ತಿಂದೇ ಇವರ ಹೊಟ್ಟೆ ಇಷ್ಟು ಮುಂದೆ ಬಂದಿರುವುದು. ಆ ಕೈಯ ಮೇಲೇ ಅನುಮಾನ ಅಂದರೆ ಮೈ ಉರಿಯುವುದಿಲ್ಲವೇ?

ಅಕ್ಕನ ಮನೆಗೆ ಊಟಕ್ಕೆ ಹೋದಾಗ ಅಲ್ಲೂ ಇದೇ ಕತೆ. ಎಲ್ಲರೆದುರು ನನ್ನ ತಟ್ಟೆ ಎಳೆದು, ಮೂಸಿ, ತಿಂದು, "ಹ್ಞೂಂ" ಅಂದರು. ಅಕ್ಕನ ಮುಖ ಕುಂಬಳಕಾಯಿಯಷ್ಟಾಯಿತು. ಪಾತ್ರೆ ತೊಳೆಯುವಾಗ ಕೇಳಿಯೇಬಿಟ್ಟಳು: "ಏನೇ, ನಿನ್ನ ಗಂಡ ನಮ್ಮನ್ನೆಲ್ಲ ಏನಂದ್ಕೊಂಡಿದಾನೆ?" ನಾಚಿಕೆಯಿಂದ ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತ್ತು.

ಸೋಮವಾರ ತೋಟಕ್ಕೆ ರಜೆ. ಬೆಳಿಗ್ಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ ಇಟ್ಟೆ. ಇವರು ನನ್ನ ಮೊಟ್ಟೆಯನ್ನು ಎತ್ತಿ, ಚಿಪ್ಪಿನ ಮೇಲೇ ಮೂಗಿಟ್ಟರು.

"ರೀ, ಚಿಪ್ಪು ಒಡೆದೇ ಇಲ್ಲ. ಒಳಗೆ ನಾನು ಹೇಗ್ರೀ ವಿಷ ಹಾಕಲಿ? ಕೋಳಿ ಕಿವೀಲಿ ಹೇಳಿ ಹಾಕಿಸ್ಲಾ?"

"ಅಲ್ಲ ಕಣೇ, ಅಭ್ಯಾಸ..."

"ಇನ್ನೊಂದ್ಸಲ ಮೂಸಿದ್ರೆ ನಾನು ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರೋ ಮಾತೇ ಇಲ್ಲ. ನನ್ನ ಕೈಮೇಲೆ ನಂಬಿಕೆ ಇಲ್ದಿರೋ ಮನೇಲಿ ನಾನ್ಯಾಕಿರ್ಲಿ?"

ತಮಾಷೆಗೆ ಅಂದದ್ದಲ್ಲ. ಇವರಿಗೂ ಅದು ತಿಳಿಯಿತು. ಮೊಟ್ಟೆ ಕೆಳಗಿಟ್ಟರು. ಬ್ರೆಡ್ಡು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಬ್ರೆಡ್ಡನ್ನು ಮೂಸಿದರು.

ನಾನು ಎದ್ದೆ. ಇವರು ಚಪ್ಪಲಿ ಮೆಟ್ಟಿಕೊಂಡು, ಹಾಲು ತರುವ ನೆಪ ಹೇಳಿ, ಮನೆಯಿಂದ ಜಾರಿಕೊಂಡರು. ಹಾಲು ಮನೆಯಲ್ಲಿ ಬೇಕಾದಷ್ಟಿತ್ತು.

ಚೀಲಕ್ಕೆ ಬಟ್ಟೆ ತುಂಬಿ ಬಾಗಿಲ ಬಳಿ ಇಟ್ಟೆ. ಇಡುವಾಗ ಚಪ್ಪಲಿ ಗೂಡಿನ ಮೇಲೆ ಪ್ಲಾಸ್ಟಿಕ್ ಕವರೊಂದು ಕಣ್ಣಿಗೆ ಬಿತ್ತು. ಒಳಗೆ ಇವರ ಕೆಲಸದ ಕೈಗವಸು. ದಿನವೂ ತೋಟದ ಗೋದಾಮಿನಲ್ಲೇ ಬಿಟ್ಟು ಬರುವಂಥದ್ದು. ಗೋದಾಮಿಗೆ ಬಣ್ಣ ಬಳಿಯುತ್ತಿದ್ದಾರೆಂದು ಭಾನುವಾರ ಮನೆಗೆ ತಂದಿದ್ದರು. "ಇದನ್ನ ಮುಟ್ಟಬೇಡ, ಜೋಪಾನ" ಎಂದೂ ಅಂದಿದ್ದರು. ಅನ್ನಲಿ. ಹೊಸ ಸೋಪಿಗೂ ಹಾಗೇ ಅಂದಿದ್ದರು, ಮೊಳಕೆ ಬಂದ ಆಲೂಗಡ್ಡೆಗೂ ಅಂದಿದ್ದರು, ಪಕ್ಕದ ಮನೆಯವರು ಕೊಟ್ಟ ಹೂಕುಂಡವನ್ನಂತೂ ಹೊಸಿಲು ದಾಟಿಸದೆ ವಾಪಸು ಕಳಿಸಿದ್ದರು. ಎಲ್ಲಕ್ಕೂ ಜೋಪಾನ ಅನ್ನುವವರ ಯಾವ ಜೋಪಾನವನ್ನು ಅಂತ ಕಿವಿಗೆ ಹಾಕಿಕೊಳ್ಳುವುದು?

ಬಲಗೈ ಗವಸಿನ ಹೆಬ್ಬೆರಳಲ್ಲಿ ತೂತು. ಕವರಿನ ಹೊರಗಿನಿಂದಲೇ ಕಾಣುತ್ತಿತ್ತು.

ಕೋಪ ಒಂದು ಕಡೆ, ಆ ತೂತು ಒಂದು ಕಡೆ. ನಾನು ಬಟ್ಟೆ ಹೊಲಿದು ಬದುಕುವವಳು, ಹರಿದದ್ದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ಅದೂ ನಾಳೆ ಬೆಳಿಗ್ಗೆ ಈ ಮನುಷ್ಯ ಇದೇ ತೂತಿನಲ್ಲಿ ಬೆರಳು ತೂರಿಸಿಕೊಂಡು ಆ ದರಿದ್ರ ಗಿಡಗಳ ನಡುವೆ ನಿಲ್ಲಬೇಕಲ್ಲ. ಬಿಟ್ಟು ಹೋಗುವವಳು ಹೋಗುತ್ತೇನೆ, ಹೊಲಿದಿಟ್ಟೇ ಹೋಗುತ್ತೇನೆ ಅಂದುಕೊಂಡೆ. ಗವಸಿನ ಬಟ್ಟೆ ಇನ್ನೂ ತೇವವಾಗಿತ್ತು, ಹಸಿ ಸೊಪ್ಪಿನ ವಾಸನೆ. ದಾರದ ತುದಿಯನ್ನು ತುಟಿಗೆ ಒತ್ತಿ ಒದ್ದೆ ಮಾಡಿದೆ, ಕನ್ನಡಕ ಮೇಲೆತ್ತಿ ಬಲಗಣ್ಣು ಉಜ್ಜಿಕೊಂಡೆ, ಸೂಜಿ ಪೋಣಿಸಿದೆ. ಅಳು ಬರುತ್ತಿತ್ತು, ಮತ್ತೆ ಉಜ್ಜಿಕೊಂಡೆ. ಹೊಲಿಗೆ ಮಾತ್ರ ಒಂದು ನೂಲೂ ಕಾಣದ ಹಾಗೆ ಹಾಕಿದೆ. ಕವರಿಗೆ ತುಂಬಿ, ಮೊದಲಿದ್ದ ಹಾಗೇ ಗಂಟು ಕಟ್ಟಿದೆ.

ಆಮೇಲೆ ಮೊಬೈಲಿನಲ್ಲಿ ಬಸ್ಸಿನ ವೇಳೆ ನೋಡೋಣವೆಂದರೆ ಅಕ್ಷರಗಳು ಕಲಸಿಕೊಂಡವು. ಕಿಟಕಿಯ ಬೆಳಕು ಬಲಗಣ್ಣಿಗೆ ಚುಚ್ಚಿತು. ಅತ್ತಿದ್ದಕ್ಕೆ ಹೀಗೆ ಅಂದುಕೊಂಡೆ. ಅಷ್ಟರಲ್ಲಿ ಇವರು ಬಂದರು, ಕೈಯಲ್ಲಿ ಹಾಲು.

"ಲೇ, ಈ ಕಡೆ ನೋಡು."

"ನೋಡೋದೇನಿದೆ? ಹೊರಟೆ ನಾನು."

"ನೋಡೇ!"

ನೋಡಿದೆ. ಇವರ ಕೈಯಿಂದ ಹಾಲಿನ ಪೊಟ್ಟಣ ಕೆಳಗೆ ಬಿದ್ದು ಒಡೆಯಿತು. ಬಾಗಿ ಎತ್ತಲೂ ಇಲ್ಲ. "ಒಂದು ಕಣ್ಣಿನ ಪಾಪೆ ದೊಡ್ಡದಾಗಿದೆ ಕಣೇ," ಅಂದರು. "ಅಮ್ಮಂಗೂ ಹೀಗೇ ಆಗಿತ್ತು."

ಅತ್ತೆಯವರಿಗೆ ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಹೀಗೇ ಒಂದು ಕಣ್ಣಿನ ಪಾಪೆ ಅರಳಿ, ಅದೇ ದಿನ ಹೋಗಿಬಿಟ್ಟಿದ್ದರು. ಅಕ್ಕನ ಮನೆ, ಮೊಟ್ಟೆ, ಮೂಗು ಎಲ್ಲ ಮರೆತುಹೋಯಿತು. ಚಪ್ಪಲಿ ಅದಲುಬದಲು ಹಾಕಿಕೊಂಡ ಇವರ ಭುಜ ಹಿಡಿದು ಆಟೋ ಹತ್ತಿದೆ.

ಆಸ್ಪತ್ರೆಯಲ್ಲಿ ನನ್ನನ್ನು ಪರದೆಯ ಹಿಂದೆ ಮಲಗಿಸಿದರು. ತಲೆಯ ಸ್ಕ್ಯಾನಿಗೆ ಸರದಿ ಹೇಳಿದರು. ಕಣ್ಣಿಗೆ ಟಾರ್ಚ್ ಬಿಟ್ಟು, ಕೈಕಾಲು ಎತ್ತಿಸಿ, ನಗಿಸಿ ನೋಡಿದ ಡಾಕ್ಟರಮ್ಮ ಪರದೆಯಾಚೆ ಹೋಗಿ ಇವರನ್ನು ವಿಚಾರಿಸಿಕೊಳ್ಳತೊಡಗಿದರು. ಒಂದೊಂದು ಮಾತೂ ಕೇಳುತ್ತಿತ್ತು.

"ಕಣ್ಣಿಗೆ ಏನಾದ್ರೂ ಡ್ರಾಪ್ಸ್ ಹಾಕ್ಕೊಂಡಿದ್ರಾ?"

"ಇಲ್ಲ ಡಾಕ್ಟ್ರೇ."

"ಗಿಡಗಂಟಿ ಏನಾದ್ರೂ ಮುಟ್ಟಿದ್ರಾ? ಕೆಲವು ಗಿಡದ ರಸ ತಾಗಿದ್ರೂ ಹೀಗಾಗುತ್ತೆ."

"ನಮ್ಮನೇಲಿ ಒಂದು ಗಿಡಾನೂ ಇಲ್ಲ! ನಾನು ಬಿಟ್ಕೊಳ್ಳೋದೇ ಇಲ್ಲ!" ಅಂದರು ಇವರು, ಬಹಳ ಹೆಮ್ಮೆಯಿಂದ.

ನನ್ನ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಎದೆ ಬಡಿದುಕೊಳ್ಳುತ್ತಿತ್ತು, ಹೆದರಿಕೆಗೆ ಅಂದುಕೊಂಡಿದ್ದೆ. ಬಾಯಿ ಒಣಗುತ್ತೆ, ಕಣ್ಣಿನ ಪಾಪೆ ಅರಳುತ್ತೆ, ಎದೆ ದಡದಡ ಓಡುತ್ತೆ... ಗಡ್ಡಕ್ಕೆ ಸೋಪು ಮೆತ್ತಿಕೊಂಡ ಮುಖ ಕಣ್ಣ ಮುಂದೆ ಬಂದು ನಿಂತಿತು. ಅಯ್ಯೋ ನನ್ನ ಕರ್ಮವೇ, ಕೈಗವಸು!

ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಡಾಕ್ಟರಮ್ಮ, "ಬೆಳಿಗ್ಗೆ ಏನು ತಿಂದ್ರು?" ಎಂದು ಕೇಳಿದರು. ಈಗ ಈ ಮಹಾನುಭಾವರು ನನ್ನ ಅಡುಗೆಯ ಬಗ್ಗೆ ಏನು ಹೇಳುತ್ತಾರೋ ಕೇಳಿಯೇಬಿಡೋಣ ಎಂದು ತೆರೆದ ಬಾಯಿ ಮುಚ್ಚಿಕೊಂಡೆ.

"ನಾನು ಮೊದಲು ತಿನ್ನದೆ ಅವಳು ಏನೂ ತಿನ್ನಲ್ಲ ಡಾಕ್ಟ್ರೇ. ವಿಷದ ಗಿಡ ನೋಡ್ಕೊಳ್ಳೋ ಕೆಲಸ ನಂದು. ಎಷ್ಟು ತೊಳ್ಕೊಂಡ್ರೂ ಉಗುರಲ್ಲೋ ಕೂದಲಲ್ಲೋ ಏನಾದ್ರೂ ಅಂಟ್ಕೊಂಡು ಬಂದು ಅವಳ ತಟ್ಟೆಗೆ ಬಿದ್ರೆ? ಅದಕ್ಕೇ ಅವಳ ತಟ್ಟೇಲಿ ಮೊದಲ ತುತ್ತು ನಾನೇ ತಿಂತೀನಿ. ಏನಾದ್ರೂ ಆಗೋದಿದ್ರೆ ನನಗಾಗ್ಲಿ ಅಂತ."

"ಮೂಸಿದ್ರೆ, ಒಂದು ತುತ್ತು ತಿಂದ್ರೆ, ಎಲ್ಲ ವಿಷ ಗೊತ್ತಾಗಲ್ಲ ಯಜಮಾನ್ರೇ."

"ಗೊತ್ತು ಡಾಕ್ಟ್ರೇ. ದಿನಾ ಜನಕ್ಕೆ ಅದನ್ನೇ ಹೇಳ್ತೀನಿ. ಆದ್ರೂ ಅವಳು ತುತ್ತು ಎತ್ತಿದ ತಕ್ಷಣ ನನಗೆ ಭಯ ಆಗುತ್ತೆ. ಅವಳಿಗೆ ಹೇಳಿದ್ರೆ ಅವಳೂ ಹೆದರ್ಕೊಂಡು ಊಟ ಬಿಡ್ತಾಳೆ ಅಂತ ಹೇಳಿಲ್ಲ. ಇವತ್ತೂ ಮೂಸ್ದೆ. ಬಿಟ್ಟು ಹೋಗ್ತೀನಿ ಅಂದ್ಲು. ಹೋಗ್ಲಿ ಡಾಕ್ಟ್ರೇ, ಅಕ್ಕನ ಮನೇಲಾದ್ರೂ ಇರ್ಲಿ, ಎಲ್ಲಾದ್ರೂ ಇರ್ಲಿ, ಇದ್ರೆ ಸಾಕು..."

ಮಾತು ಅಲ್ಲಿಗೆ ಒಡೆದು ಅಳುವಾಯಿತು. ನನ್ನ ತಟ್ಟೆ. ಯಾವಾಗಲೂ ನನ್ನ ತಟ್ಟೆ! ತಮ್ಮ ತಟ್ಟೆಯನ್ನು ಇವರು ಒಂದು ದಿನವಾದರೂ ಮೂಸಿದ್ದರೇ? ಎಂಥ ದಡ್ಡಿ ನಾನು, ಎದುರಿಗೇ ಕೂತು ದಿನವೂ ನೋಡಿದ್ದೇನೆ. ಸಂಕಟವಾಯಿತು, ಇಷ್ಟು ಹೊತ್ತು ಸುಮ್ಮನಿದ್ದದ್ದಕ್ಕೆ ಇನ್ನಷ್ಟು ಸಂಕಟವಾಯಿತು. ಆದರೆ ಆ ಒಣ ಬಾಯಿಂದ ಹೊರಟದ್ದು ಇವರದೇ ಭಾಷಣ.

"ಇದು ಕಹಳೆ ಹೂ!" ಅಂತ ಪರದೆಯೊಳಗಿಂದ ಕೂಗಿದೆ. "ಉಮ್ಮತ್ತಿ ಗಿಡದ ದಾಯಾದಿ! ಬಾಯಿ ಒಣಗುತ್ತೆ, ಕಣ್ಣಿನ ಪಾಪೆ ಅರಳುತ್ತೆ..."

ಪರದೆ ಸರ್ರನೆ ಸರಿಯಿತು. ಇವರು ನಿಂತಿದ್ದರು, ಮೂಗು ಕೆಂಪಗೆ. "ತಲೆಗೆ ಏರ್ಬಿಟ್ಟಿದೆ ಡಾಕ್ಟ್ರೇ, ಏನೇನೋ ಮಾತಾಡ್ತಿದಾಳೆ!"

"ರೀ, ಭಾನುವಾರ ಯಾವ ಗಿಡ ಸವರಿದ್ರಿ?"

"ಕಹಳೆ ಹೂ... ಯಾಕೆ?"

"ನಿಮ್ಮ ಗ್ಲೌಸಿನ ಹೆಬ್ಬೆರಳು ಹೊಲಿದೆ. ಅದೇ ಕೈಲಿ ದಾರ ತುಟಿಗಿಟ್ಟೆ, ಕಣ್ಣೂ ಉಜ್ಜಿಕೊಂಡೆ."

ಊರಿಗೆಲ್ಲ ವಿಷದ ಪಾಠ ಹೇಳುವ ಮನುಷ್ಯ ತಲೆ ಚಚ್ಚಿಕೊಂಡರು. ಡಾಕ್ಟರಮ್ಮ ನಗು ತಡೆದುಕೊಂಡು ನನ್ನ ಕೈ ತೊಳೆಸಿ, ಬಾಯಿ ಮುಕ್ಕಳಿಸಲು ಹೇಳಿ, ಕಣ್ಣು ತೊಳೆದರು. ಆಮೇಲೆ ಒಂದು ಹನಿ ಔಷಧಿ ಬಿಟ್ಟು ಕಾದರು. ನರದ ತೊಂದರೆಯಾಗಿದ್ದರೆ ಆ ಹನಿಗೆ ಪಾಪೆ ಕಿರಿದಾಗಬೇಕಂತೆ. ಗಿಡದ ರಸ ಹಿಡಿದು ಕೂತಿದ್ದರೆ ಜಗ್ಗುವುದಿಲ್ಲವಂತೆ. ನನ್ನದು ಜಗ್ಗಲಿಲ್ಲ. ಆದರೂ ಸ್ಕ್ಯಾನ್ ಮಾಡಿಸಿಯೇ ಬಿಟ್ಟರು. ತಲೆಯೊಳಗೆ ಏನೂ ಇಲ್ಲ ಅಂದಾಗ ಇವರು, "ನಾನು ಮೊದಲೇ ಹೇಳ್ತಿದ್ದೆ" ಅನ್ನುವುದಕ್ಕೆ ಹೋಗಿ, ನನ್ನ ದೊಡ್ಡ ಕಣ್ಣನ್ನು ನೋಡಿ ಸುಮ್ಮನಾದರು. ಕೆಲವು ದಿನ ಕಣ್ಣು ಹೀಗೇ ಇರುತ್ತದೆ, ಬಿಸಿಲಿಗೆ ಕಪ್ಪು ಕನ್ನಡಕ ಹಾಕಿಕೊಳ್ಳಿ ಎಂದು ಹೇಳಿ ಕಳಿಸಿದರು.

ಮನೆಗೆ ಬಂದಾಗ ಚೀಲ ಬಾಗಿಲಲ್ಲೇ ಇತ್ತು. ಇವರು ಅದನ್ನು ಮುಟ್ಟದೆ ಬಳಸಿಕೊಂಡು ಒಳಗೆ ಹೋದರು. ಕೆಳಗೆ ಬಿದ್ದಿದ್ದ ಹಾಲು ಒರೆಸಿದರು. ಗವಸಿನ ಕವರನ್ನು ಕಡ್ಡಿಯಿಂದ ಎತ್ತಿ ಹೊರಗಿಟ್ಟು ಬಂದು, ನನ್ನ ಸೂಜಿಯನ್ನೂ ದಾರವನ್ನೂ ತೊಳೆಯುತ್ತಾ ನಿಂತರು. ದಾರವನ್ನು ಯಾರಾದರೂ ತೊಳೆಯುತ್ತಾರೆಯೇ?

ಸಂಜೆ ಸೊಪ್ಪು, ತರಕಾರಿ ಬೇಯಿಸಿ ತಟ್ಟೆಗೆ ಬಡಿಸಿದೆ. ಇವರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಶಾಲೆಯ ಹುಡುಗನ ಹಾಗೆ ನೆಟ್ಟಗೆ ಕೂತಿದ್ದರು. ಮೂಗು ಮಾತ್ರ ಅದುರುತ್ತಿತ್ತು, ಪಾಪ.

ತಟ್ಟೆಯನ್ನು ಅವರ ಕಡೆ ತಳ್ಳಿದೆ. "ಮೂಸ್ರೀ."

"ಬೇಡ ಕಣೇ. ಬಿಟ್ಬಿಟ್ಟೆ. ನೀನೇ ಅಂದ್ಯಲ್ಲ, ಇನ್ನೊಂದ್ಸಲ ಮೂಸಿದ್ರೆ..."

"ನನಗೆ ಹಸಿವಾಗಿದೆ. ನೀವು ಮೂಸದೆ ನಾನು ಹೇಗೆ ತಿನ್ಲಿ?"

ನನ್ನನ್ನೇ ನೋಡಿದರು. ಆಮೇಲೆ ಬಾಗಿ ಮೂಸಿದರು. ಒಂದು ತುತ್ತು ಎತ್ತಿ, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು. ಅವರು ನುಂಗುವವರೆಗೂ ನಾನು ಉಸಿರು ಬಿಗಿಹಿಡಿದಿದ್ದೆ. ಇಷ್ಟು ವರ್ಷ ಈ ಭಯವನ್ನು ಇವರು ಒಬ್ಬರೇ ತಿಂದರಲ್ಲ ಅನ್ನಿಸಿತು.

"ಹ್ಞೂಂ, ತಿನ್ನು."

ತಿಂದೆ. ಉಪ್ಪೆಂದರೆ ಉಪ್ಪು. ಮಂಜುಗಣ್ಣಿನಲ್ಲಿ ಚಮಚೆಯ ಅಳತೆ ಗೊತ್ತಾಗಿರಲಿಲ್ಲ.

"ರೀ, ಬಾಯಿಗಿಡಕ್ಕಾಗ್ತಿಲ್ಲ, ಇಷ್ಟು ಉಪ್ಪು! ಒಂದು ಮಾತು ಹೇಳ್ಬಾರ್ದಾ?"

"ನಾನು ಉಪ್ಪು ನೋಡ್ತಾನೇ ಇರಲಿಲ್ವಲ್ಲೇ," ಅಂದರು.

ಇಬ್ಬರೂ ನೀರು ಕುಡಿದು ಕುಡಿದು ತಟ್ಟೆ ಖಾಲಿ ಮಾಡಿದೆವು. ಪಾತ್ರೆ ಎತ್ತುವಾಗ ಬಾಗಿಲ ಬಳಿಯ ಚೀಲ ತೋರಿಸಿ, ಬಟ್ಟೆ ತೆಗೆದು ಅದನ್ನು ಅಟ್ಟಕ್ಕೆ ಹಾಕಿ ಅಂದೆ. ಎರಡನೆಯ ಸಲ ಹೇಳಬೇಕಾಗಲಿಲ್ಲ. ಇವರು ಓಡಿಹೋಗಿ ಸ್ಟೂಲು ತಂದು ಹತ್ತಿದರು. ಅದರ ಒಂದು ಕಾಲು ಮೊದಲಿಂದಲೂ ಅಲ್ಲಾಡುತ್ತದೆ.

ಎರಡೂ ಕೈಯಿಂದ ಸ್ಟೂಲು ಹಿಡಿದುಕೊಂಡು ನಾನಂದೆ, "ಜೋಪಾನ ರೀ."