ಹಿರ್ವಿಕಂಗಸ್ಸಿನ ರಸ್ತೆ ಗುಡಿಸಿದ ದಿನ

ರಸ್ತೆಯ ಮೇಲೆ ಯುದ್ಧವಿಮಾನ ಇಳಿಸುವುದು ನಮ್ಮ ಫಿನ್‌ಲ್ಯಾಂಡಿನವರಿಗೆ ಹೊಸದಲ್ಲ. ಯುದ್ಧ ಬಂದರೆ ಶತ್ರು ಮೊದಲು ಹೊಡೆಯುವುದು ವಿಮಾನ ನಿಲ್ದಾಣವನ್ನೇ ಎಂದು ಅರಿತ ಹಿರಿಯರು ಕಾಡಿನ ನಡುವಿನ ಹೆದ್ದಾರಿಗಳನ್ನು ಅಲ್ಲಲ್ಲಿ ಅಗಲ ಮಾಡಿ, ನೇರ ಮಾಡಿ ಇಟ್ಟುಹೋಗಿದ್ದಾರೆ. ಆಗಾಗ ರಸ್ತೆ ಮುಚ್ಚಿ, ವಿಮಾನ ಇಳಿಸಿ, ಇಂಧನ ತುಂಬಿಸಿ, ಮತ್ತೆ ಹಾರಿಸಿ ನೋಡುತ್ತೇವೆ. ಆದರೆ ಉತ್ತರದ ಹಿರ್ವಿಕಂಗಸ್ಸಿನ ರಸ್ತೆಗೆ ಪರದೇಶದ ವಿಮಾನ ಬರಲಿದ್ದುದು ಅದೇ ಮೊದಲು. ಅದನ್ನು ಬರಮಾಡಿಕೊಳ್ಳುವ ಹೊಣೆ ಮೇಜರ್ ಮೆರ್ವಿ ರೌತಿಯೊ ಎಂಬಾಕೆಯದು.

ಮೆರ್ವಿ ಇದೇ ಊರಿನಲ್ಲಿ ಹುಟ್ಟಿದವಳು. ದೇಶ ನ್ಯಾಟೊ ಒಕ್ಕೂಟ ಸೇರಿದಂದಿನಿಂದ ಅವಳದು ಒಂದೇ ಪಟ್ಟು: ನಾವು ಬಿಟ್ಟಿ ಊಟಕ್ಕೆ ಬಂದವರಲ್ಲ, ನಮ್ಮ ಪಾಲಿನ ಹೊರೆ ನಾವು ಹೊರುತ್ತೇವೆ, ಬೇಕಾದರೆ ನಿಮ್ಮ ವಿಮಾನಗಳಿಗೂ ನಮ್ಮ ಕಾಡಿನಲ್ಲಿ ಜಾಗ ಕೊಡುತ್ತೇವೆ. ವರ್ಷಗಟ್ಟಲೆ ಕಚೇರಿಗಳ ಮೆಟ್ಟಿಲು ಸವೆಸಿ ಈ ದಿನವನ್ನು ಗಿಟ್ಟಿಸಿದ್ದಳು. ಮಧ್ಯಾಹ್ನ ಅಮೆರಿಕದ ನಾಲ್ಕು ವಿಮಾನ ಇಲ್ಲಿ ಇಳಿದು ಹಾರಿದರೆ ಹಿರ್ವಿಕಂಗಸ್ ಒಕ್ಕೂಟದ ನೆಲೆಯಾಗುತ್ತದೆ. ಇಳಿಯದಿದ್ದರೆ ಇದು ಬರೀ ರಸ್ತೆ, ಮತ್ತು ಉತ್ತರದ ಇಷ್ಟೂ ಸೀಮೆಗೆ ದೂರದ ದಕ್ಷಿಣದ ನೆಲೆಗಳೇ ದಿಕ್ಕು. ಗಡಿ ಇಲ್ಲಿಗೆ ಹತ್ತಿರ. ಆಚೆಯ ನೆರೆಯವನು ಎಂಥವನೆಂದು ಊರಿನ ಒಂದೊಂದು ಮನೆಯ ಅಜ್ಜಿಗೂ ಗೊತ್ತು.

ಇಳಿಸಲೋ ಬೇಡವೋ ಎಂದು ಹೇಳಬೇಕಾದವನು ಕರ್ನಲ್ ಬ್ರ್ಯಾನಿಗನ್. ಲೋಕದ ದೊಡ್ಡಣ್ಣನ ಕಡೆಯವನು, ಆಳೂ ಹಾಗೆಯೇ ದೊಡ್ಡವನು. ಬೆಳಗಿನ ಕಾಫಿಯ ಹೊತ್ತಿಗೇ ಮಾತು ತೆಗೆದ.

"ಬೇಜಾರು ಮಾಡ್ಕೋಬೇಡಿ ಮೇಜರ್. ಯುರೋಪಿನ ಮನೆ ಕಾಯೋದ್ರಲ್ಲೇ ನಮ್ಮಪ್ಪನ ಕಾಲ ಕಳೀತು, ನನ್ನ ಕಾಲನೂ ಕಳೀತಾ ಇದೆ. ನಮ್ಮೂರಲ್ಲಿ ಜನ ಕೇಳ್ತಾರೆ, ಅವರ ಬಾಗಿಲಿಗೆ ನಾವ್ಯಾಕೆ ಚಿಲಕ ಹಾಕ್ಬೇಕು ಅಂತ."

"ನಮ್ಮ ಬಾಗಿಲಿನ ಚಿಲಕ ಇಷ್ಟು ದಿನ ನಾವೇ ಹಾಕ್ಕೊಂಡಿದ್ದೀವಿ ಕರ್ನಲ್."

"ಇರಬಹುದು. ಆದ್ರೆ ಖರ್ಚಿನಲ್ಲಿ ಇಷ್ಟು ಪಾಲು ಕೊಡ್ತೀವಿ ಅಂತ ಸಭೇಲಿ ಹೇಳೋದು ಸುಲಭ. ನನಗೆ ಬೇಕಾಗಿರೋದು ಗುಡಿಸಿದ ರಸ್ತೆ. ಇಂಜಿನ್ನು ಒಂದು ಕಲ್ಲು ಎಳ್ಕೊಂಡ್ರೆ ಮುಗೀತು. ಒಂದು ಕಡ್ಡಿ ಕಂಡ್ರೂ ನಾನು ಇಳಿಸಲ್ಲ."

"ಒಂದು ಕಡ್ಡಿನೂ ಇರಲ್ಲ," ಎಂದಳು ಮೆರ್ವಿ.

ಬಾಯಿಂದ ಬಂದ ಮಾತು ಗಾಳಿಗೆ ಕೇಳಿಸಿತೋ ಏನೋ, ಪಶ್ಚಿಮದಿಂದ ಎದ್ದುಬಂತು. ಎರಡೂ ಕಡೆಯ ಪೈನ್ ಮರಗಳು ಕಾಯಿ, ಕಡ್ಡಿ, ಸೂಜಿಯಂಥ ಎಲೆಗಳನ್ನೆಲ್ಲ ರಸ್ತೆಗೆ ಸುರಿದವು. ಅಂಚಿನ ಜಲ್ಲಿಯೂ ಹಾರಿ ನಡುವಿಗೆ ಬಂತು. ಗುಡಿಸುವ ಯಂತ್ರ ಅರ್ಧ ದಾರಿ ಹೋಗಿ ಅಚ್ಚು ಮುರಿದುಕೊಂಡು ಕೂತಿತು. ಮೆರ್ವಿಯ ಕೈಕೆಳಗಿದ್ದ ಸೈನಿಕರು ಕೆಲವೇ ಜನ. ಅವರ ಕೈಗೆ ಪೊರಕೆ ಕೊಟ್ಟು, ತಾನೂ ಒಂದು ಹಿಡಿದು ನಿಂತಳು. ಕಣ್ಣು ಹಾಯುವವರೆಗೂ ರಸ್ತೆ, ರಸ್ತೆಯ ತುಂಬ ಕಸ.

ಇಂಧನ ತುಂಬಿಸುವ ತಂಡ ಡಚ್ಚರದು. ಅದರ ಮುಖ್ಯಸ್ಥೆ ಸಾರ್ಜೆಂಟ್ ಫೆಮ್ಕೆ ಡೇರೆಯಿಂದ ಹೊರಬಂದು ಕೇಳಿದಳು, "ಮೇಡಂ, ನಮ್ಮಿಂದ ಏನಾದ್ರೂ ಆಗ್ಬೇಕಾ?"

"ಏನಿಲ್ಲ. ನಡೆಯುತ್ತೆ."

ಫೆಮ್ಕೆ ತಲೆಯಾಡಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕರ್ನಲ್ ಕೂಡ ರೇಡಿಯೊದಲ್ಲಿ ಕೇಳಿದ. ಅವನಿಗೂ ಅದೇ ಉತ್ತರ ಹೋಯಿತು.

ಇದನ್ನು ಸುಳ್ಳು ಎನ್ನಬೇಡಿ. ಇದು ನಮ್ಮ ನಾಡಿನ ಸಂಸ್ಕಾರ, ನಮ್ಮ ನಾಡಿನ ರೋಗವೂ ಹೌದು. ಮನೆಯ ಸೂರು ಹಾರಿಹೋದವನನ್ನು ಹೇಗಿದ್ದೀಯ ಎಂದು ಕೇಳಿ ನೋಡಿ, "ಏನಿಲ್ಲ, ಗಾಳಿ ಚೆನ್ನಾಗಿ ಆಡ್ತಿದೆ" ಎನ್ನುತ್ತಾನೆ. ಕೇಳಿದ ನೆರೆಯವನು ಸರಿ ಎಂದು ಮನೆಗೆ ಹೋಗಿ, ಸುತ್ತಿಗೆ ಮೊಳೆ ಹಿಡಿದು ವಾಪಸು ಬರುತ್ತಾನೆ. ಬಂದದ್ದೇಕೆಂದು ಇವನು ಕೇಳುವುದಿಲ್ಲ, ಅವನು ಹೇಳುವುದಿಲ್ಲ. ತಲ್ಕೋತ್ ಎನ್ನುತ್ತೇವೆ ಇದಕ್ಕೆ. ಮುಯ್ಯಾಳಿನ ಹಾಗೆಯೇ, ಆದರೆ ಮುಯ್ಯಿ ತೀರಿತೇ ಎಂದು ಯಾರೂ ನೋಡುವುದಿಲ್ಲ. ಕೆಲಸ ಮುಗಿದ ಮೇಲೆ ಎಲ್ಲರಿಗೂ ಸೂಪು, ಅಷ್ಟೆ.

ಅಂತೆಯೇ ಊರು ಬಂತು. ಯಾರೂ ಹೇಳಿ ಕಳಿಸಿರಲಿಲ್ಲ. ಗಾಳಿ ಎದ್ದದ್ದು ನೋಡಿದರು, ಕುಂಟೆ, ಪೊರಕೆ, ಸಲಿಕೆ ಸಿಕ್ಕಿದ್ದು ಹಿಡಿದು ಹೊರಟರು. ಮುಂದೆ ಒಯ್ವಾ, ಮೆರ್ವಿಯ ಪಕ್ಕದ ಮನೆಯ ಮುದುಕ. ಅವಳಿಗೆ ಸೈಕಲ್ ಕಲಿಸಿದವನು, ಬಿದ್ದಾಗ ನಕ್ಕವನೂ ಅವನೇ. ಹೆಂಗಸರು ಒಲೆ ಹಚ್ಚಿ ಬಟಾಣಿ ಸೂಪಿಗೆ ಇಟ್ಟರು. ಅಂದು ಗುರುವಾರ, ಗುರುವಾರ ಬಟಾಣಿ ಸೂಪು ಬಿಟ್ಟು ಬೇರೆ ಮಾಡಿದರೆ ನಮ್ಮಲ್ಲಿ ಸೈನ್ಯವೇ ದಂಗೆ ಏಳುತ್ತದೆ.

ಎಲ್ಲರೂ ಸೊಂಟ ಮುರಿಯುವಂತೆ ಗುಡಿಸಿದರೂ ರಸ್ತೆ ಅರ್ಧದಷ್ಟು ಹಾಗೇ ಉಳಿದಿತ್ತು. ಅಷ್ಟರಲ್ಲಿ ವಿಮಾನಗಳು ಹೊರಟಿವೆ ಎಂಬ ಸುದ್ದಿ ಬಂತು. ಒಯ್ವಾ ಬೆನ್ನು ನೇರ ಮಾಡಿಕೊಂಡು ಡೇರೆಗಳ ಕಡೆ ಕೈ ತೋರಿಸಿದ.

"ಅವ್ರ್ಯಾಕೆ ಕೂತವ್ರೆ? ಕಾಲು ನೋವಾ?"

"ಅವ್ರು ಅತಿಥಿಗಳು ಮಾಮ."

"ಮದುವೆಗೆ ಬಂದೋರೇನು? ನೀನು ಕೇಳಿದ್ಯಾ?"

"ಅವ್ರೇ ಕೇಳಿದ್ರು, ಏನಾದ್ರೂ ಆಗ್ಬೇಕಾ ಅಂತ."

"ನೀನೇನಂದೆ?"

"ಏನಿಲ್ಲ ಅಂದೆ."

"ಅದನ್ನ ಅವ್ರು ನಂಬಿಬಿಟ್ರಾ?" ಒಯ್ವಾನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಪಾಪ, ಅಷ್ಟೂ ಗೊತ್ತಾಗಲ್ವಾ ಅವ್ರಿಗೆ? ಹಂಗಾರೆ ಬಾಯಿಬಿಟ್ಟು ಹೇಳ್ಬೇಕು ಕಣೇ."

ಮೆರ್ವಿಯ ಮುಖ ಕೆಂಪಾಯಿತು. "ನನ್ನ ಕೈಲಾಗಲ್ಲ ಮಾಮ. ನಾವು ಯಾರಿಗೂ ಹೊರೆಯಲ್ಲ ಅಂತ ಊರೆಲ್ಲಾ ಸಾರ್ಕೊಂಡು ಬಂದಿದ್ದೀನಿ. ಈಗ ಕೈಚಾಚಿದ್ರೆ ಆ ಕರ್ನಲ್ ನಗ್ತಾನೆ."

"ನಗ್ಲಿ ಬಿಡು. ಒಬ್ಬಳೇ ಹೊತ್ತು ಬಿದ್ರೆ ಅವ್ನು ನಗೋದಿಲ್ವಾ? ಹತ್ತು ಮಂದಿಗೆ ಹುಲ್ಲುಕಡ್ಡಿ ಆಗೋದು ಒಬ್ಬನಿಗೆ ತಲೆಹೊರೆ. ಅಲ್ಲಿ ಅಷ್ಟು ತಲೆ ಖಾಲಿ ಕೂತವೆ."

ಅವನು ಮತ್ತೆ ಬಗ್ಗಿ ಗುಡಿಸತೊಡಗಿದ. ಮೆರ್ವಿ ರೇಡಿಯೊ ಕೈಗೆತ್ತಿಕೊಂಡಳು. ಗುಂಡು ಹಾರುವಲ್ಲಿ ತರಬೇತಿ ಮಾಡಿದವಳು, ಮಂಜುಗಡ್ಡೆಯ ಕೆರೆಗೆ ಬಿದ್ದು ಎದ್ದವಳು, ಅವಳಿಗೆ ಆಗ ಆದ ಹೆದರಿಕೆ ಯಾವತ್ತೂ ಆಗಿರಲಿಲ್ಲ. ಆದರೂ ಹೇಳಿದಳು.

"ಎಲ್ಲಾ ತಂಡದೋರೂ ಕೇಳಿ. ನಾನು ಮೇಜರ್ ರೌತಿಯೊ. ನಡೆಯುತ್ತೆ ಅಂದಿದ್ದೆ, ನಡೀತಾ ಇಲ್ಲ. ರಸ್ತೆ ಇನ್ನೂ ಅರ್ಧ ಉಳಿದಿದೆ, ನಮ್ಮಿಂದ ಆಗಲ್ಲ. ದಯವಿಟ್ಟು ಬಂದು ಕೈಜೋಡಿಸಿ."

ರೇಡಿಯೊ ಸುಮ್ಮನಿತ್ತು. ಡೇರೆಗಳು ಸುಮ್ಮನಿರಲಿಲ್ಲ. ಡಚ್ಚರು, ಅಮೆರಿಕದವರು, ಅಡುಗೆಯವರು, ಡ್ರೈವರುಗಳು, ಒಬ್ಬರ ಹಿಂದೊಬ್ಬರು ಓಡಿಬಂದರು. ಪೊರಕೆ ಸಾಲದೆ ರಟ್ಟಿನ ಪೆಟ್ಟಿಗೆ ಹರಿದುಕೊಂಡು ಬಂದರು, ಅದೂ ಸಿಗದವರು ಕೈಯಲ್ಲೇ ಆರಿಸಲು ನಿಂತರು.

"ಬೆಳಿಗ್ಗೆನೇ ಹೇಳ್ಬಾರ್ದಾಗಿತ್ತಾ ಮೇಡಂ?" ಎಂದಳು ಫೆಮ್ಕೆ ಏದುಸಿರು ಬಿಡುತ್ತ. "ನನ್ನ ಹುಡುಗ್ರು ಇಸ್ಪೀಟ್ ಆಡಿ ಆಡಿ ಜಗಳಕ್ಕೆ ಬಿದ್ದಿದ್ರು. ಮನೆಯೊಡತಿ ಬೇಡ ಅಂದ್ಮೇಲೆ ಅಡುಗೆಮನೆಗೆ ನುಗ್ಗೋಕಾಗುತ್ತಾ?"

ಕೊನೆಗೆ ಕರ್ನಲ್ ಬ್ರ್ಯಾನಿಗನ್ ಬಂದ. ಮೆರ್ವಿ ನಗುವಿಗೆ ಕಾದಳು. ಅವನು ನಗಲಿಲ್ಲ. ಕೋಟು ತೆಗೆದು ಜೀಪಿನ ಮೇಲೆಸೆದು, ಒಬ್ಬ ಅಜ್ಜಿಯ ಕೈಯಿಂದ ಪೊರಕೆ ಇಸಿದುಕೊಂಡ. ಎಲ್ಲರೂ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹೆಗಲಿಗೆ ಹೆಗಲು ತಾಗಿಸಿ ಸಾಲುಗಟ್ಟಿದರು. ಸಾಲು ಹೆಜ್ಜೆ ಹೆಜ್ಜೆಗೂ ಗುಡಿಸುತ್ತ ಮುಂದೆ ಸರಿಯಿತು.

ಒಯ್ವಾ ಕರ್ನಲ್‌ನ ಕೈ ನೋಡಿ ತಲೆ ಚಚ್ಚಿಕೊಂಡ. "ಅದು ಪೊರಕೆ ಕಣಪ್ಪಾ, ಬಂದೂಕಲ್ಲ. ಯಾರಿಗೆ ಗುರಿ ಇಟ್ಟಿದ್ದೀಯ?"

"ಏನಂತಾನೆ?" ಎಂದ ಕರ್ನಲ್.

"ಚೆನ್ನಾಗಿ ಗುಡಿಸ್ತೀರಿ ಅಂತಾನೆ," ಎಂದಳು ಮೆರ್ವಿ.

"ಅವನ ಮುಖ ಹಾಗೆ ಹೇಳ್ತಿಲ್ವಲ್ಲ."

"ಇನ್ನೊಂದು ಕೇಳು ಅವ್ನನ್ನ," ಎಂದ ಒಯ್ವಾ. "ನಾಳೆ ಬೇಜಾರಾಗಿ ಗಂಟುಮೂಟೆ ಕಟ್ಟಿದ್ರೆ ನಮ್ಮ ಗತಿ ಏನು ಅಂತ. ಇದನ್ನ ಸಕ್ಕರೆ ಬೆರಸ್ದೆ ಹೇಳು."

ಮೆರ್ವಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕರ್ನಲ್ ನಾಲ್ಕು ಸಲ ಪೊರಕೆ ಆಡಿಸಿದ.

"ಅದು ವಾಷಿಂಗ್ಟನ್ನಿನಲ್ಲಿ ಕೂತೋರ ಕೈಲಿದೆ. ನನ್ನ ಕೈಲಿರೋದು ಈ ಪೊರಕೆ ಒಂದೇ."

"ನಿಜ ಹೇಳ್ದ," ಎಂದ ಒಯ್ವಾ. "ಹಂಗಾರೆ ಗುಡಿಸ್ಲಿ."

ಸಾಲು ಆ ತುದಿ ಮುಟ್ಟಿದಾಗ ಗಾಳಿಯೂ ಸುಸ್ತಾಗಿತ್ತು. ಕರ್ನಲ್ ರಸ್ತೆಯುದ್ದಕ್ಕೂ ಜೀಪಿನಲ್ಲಿ ಒಮ್ಮೆ ಹೋಗಿ ಬಂದು, ಇಳಿಸಿ ಎಂದ. ಎಲ್ಲರೂ ಮರಗಳ ಕೆಳಗೆ ಸರಿದರು. ಮೊದಲ ವಿಮಾನ ಕಾಡಿನ ತಲೆ ಸವರಿಕೊಂಡು ಬಂದು ಬಿಳಿ ಗೆರೆಯ ಮೇಲೆ ಚಕ್ರ ಊರಿತು. ಸದ್ದು ಎದೆಯೊಳಗೆ ಗುದ್ದಿತು. ಎರಡನೆಯದು, ಮೂರನೆಯದು, ನಾಲ್ಕನೆಯದು. ಊರಿನವರು ಚಪ್ಪಾಳೆ ತಟ್ಟಿದರು. ನಮ್ಮವರು ಚಪ್ಪಾಳೆ ತಟ್ಟಿದರೆಂದರೆ ಬೇರೆ ಕಡೆಯವರು ಕುಣಿದಂತೆ. ಮೆರ್ವಿಗೆ ಕಣ್ಣು ತುಂಬಿಬಂತು, ಒರೆಸಿಕೊಳ್ಳಲೂ ಹೋಗಲಿಲ್ಲ.

ಸೂಪಿನ ಬಟ್ಟಲು ಕೈಗೆ ಬರುತ್ತಿದ್ದಂತೆ ಕರ್ನಲ್‌ನ ರೇಡಿಯೊ ಕೂಗಿತು. ಅವನು ಕೇಳುತ್ತ ಕೇಳುತ್ತ ಬಟ್ಟಲು ಕೆಳಗಿಟ್ಟ. ಮೆರ್ವಿಯ ಹತ್ತಿರ ಬಂದು ನಿಂತವನಿಗೆ ಮಾತು ಸುಲಭಕ್ಕೆ ಹೊರಡಲಿಲ್ಲ.

"ಮೇಜರ್, ದಕ್ಷಿಣದ ಕರಾವಳಿಯ ದೊಡ್ಡ ನೆಲೆಗೆ ಸಮುದ್ರದ ಮಂಜು ಕವಿದಿದೆ. ನನ್ನ ಇನ್ನೂ ನಾಲ್ಕು ವಿಮಾನ ಮೇಲಿವೆ. ಬೇರೆ ನೆಲೆ ಮುಟ್ಟೋಷ್ಟು ಇಂಧನ ಇಲ್ಲ. ಇದು ತಾಲೀಮಲ್ಲ. ನಿಮ್ಮ ರಸ್ತೆ ಬೇಕಾಗಿತ್ತು."

ಕೇಳುವುದು ಎಷ್ಟು ಕಷ್ಟವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವನನ್ನು ಕಾಯಿಸಲಿಲ್ಲ.

"ಬರಲಿ," ಎಂದಳು.

ಇಳಿದ ವಿಮಾನಗಳ ಬಿಸಿಗಾಳಿಗೆ ಕಾಡಂಚಿನ ಕಸ ಮತ್ತೆ ರಸ್ತೆಗೆ ಹಾರಿತ್ತು. ಮೆರ್ವಿ ಎಲ್ಲರನ್ನೂ ಕರೆಯಲೆಂದು ತಿರುಗಿದಳು. ಕರೆಯುವುದೇ ಬೇಕಾಗಲಿಲ್ಲ. ಅರ್ಧ ಉಂಡ ಬಟ್ಟಲುಗಳು ಹುಲ್ಲಿನ ಮೇಲೆ ಸಾಲಾಗಿ ಕೂತಿದ್ದವು, ಉಣ್ಣುತ್ತಿದ್ದವರು ಆಗಲೇ ರಸ್ತೆಯ ಮೇಲಿದ್ದರು. ಫೆಮ್ಕೆಯ ಹುಡುಗರು ನಿಂತ ವಿಮಾನಗಳನ್ನು ಬದಿಯ ಅಗಲ ಜಾಗಕ್ಕೆ ಎಳೆದು ದಾರಿ ಬಿಡಿಸುತ್ತಿದ್ದರು.

ಆ ನಾಲ್ಕೂ ಇಳಿದವು. ಕೊನೆಯದರ ಇಂಜಿನ್ ಆರಿದಾಗ ಕರ್ನಲ್‌ನ ರೇಡಿಯೊದಲ್ಲಿ ಅವನ ಮೇಲಧಿಕಾರಿಯ ಗಾಬರಿಯ ದನಿ ಕೇಳಿಸಿತು. "ಎಲ್ಲಿದಾವೆ ನಿನ್ನ ವಿಮಾನ? ಯಾವ ನೆಲೇಲಿ ಇಳಿಸ್ದೆ?"

ಕರ್ನಲ್ ಬ್ರ್ಯಾನಿಗನ್ ರಸ್ತೆಯನ್ನೊಮ್ಮೆ ನೋಡಿದ, ಪೊರಕೆ ಊರಿಕೊಂಡು ನಿಂತ ಮುದುಕ ಮುದುಕಿಯರನ್ನು ನೋಡಿದ.

"ನಮ್ಮದೇ ನೆಲೆ ಸರ್," ಎಂದ. "ಹಿರ್ವಿಕಂಗಸ್."